ಸುಮ್ಮನಿರುವ ಡಿಟೆಕ್ಟರ್ ಬದುಕಿದೆಯೇ?

ನಮ್ಮ ಅಪಾರ್ಟ್‌ಮೆಂಟಿನ ಗ್ಯಾಸ್ ಬ್ಯಾಂಕಿನಲ್ಲಿ, ಅಂದರೆ ಎಲ್ಲ ಮನೆಗಳಿಗೂ ಗ್ಯಾಸ್ ಕೊಡುವ ಸಿಲಿಂಡರುಗಳ ಶೆಡ್ಡಿನಲ್ಲಿ, ನಾಲ್ಕು ಗ್ಯಾಸ್ ಡಿಟೆಕ್ಟರ್‌ಗಳಿವೆ. ನಾಲ್ಕರ ಮೇಲೂ ಹಸಿರು ದೀಪ. ಅಸೋಸಿಯೇಷನ್ನಿನಲ್ಲಿ ಮೆಂಟೆನೆನ್ಸ್ ಉಸ್ತುವಾರಿ ನನ್ನ ತಲೆಗೆ ಬಂದ ವರ್ಷ, ಕ್ಯಾಲಿಬ್ರೇಶನ್ನಿಗೆಂದು ಬಂದ ಹುಡುಗನ ಜೊತೆ ನಾನೂ ಹೋಗಿ ನಿಂತೆ. ಅವನ ಚೀಲದಲ್ಲಿ ಮೊಳದುದ್ದದ ಒಂದು ಪುಟ್ಟ ಸಿಲಿಂಡರ್, ಅದಕ್ಕೊಂದು ಪ್ಲಾಸ್ಟಿಕ್ ಕೊಳವೆ, ಕೊಳವೆಯ ತುದಿಗೆ ಲೋಟದಂಥ ಮುಚ್ಚಳ. ಮುಚ್ಚಳವನ್ನು ಮೊದಲ ಡಿಟೆಕ್ಟರಿನ ಮೂತಿಗೆ ಹಿಡಿದು ಸಿಲಿಂಡರಿನ ಗುಂಡಿ ತಿರುಗಿಸಿದ. 50 ತೋರಿಸಬೇಕಾದ ಅಂಕಿ ಇಪ್ಪತ್ತು ಸೆಕೆಂಡಿನೊಳಗೆ 48ಕ್ಕೆ ಏರಿತು, ಹೂಟರ್ ಕೂಗಿತು. ಎರಡನೆಯದು 45. ಮೂರನೆಯದಕ್ಕೆ ಹಿಡಿದ, ಸೊನ್ನೆ. ಒಂದು ನಿಮಿಷ ಹಿಡಿದರೂ ಸೊನ್ನೆ. ನಾಲ್ಕನೆಯದು ತೆವಳಿಕೊಂಡು ಏರಿ 11ಕ್ಕೆ ನಿಂತುಬಿಟ್ಟಿತು. ದೀಪ ಮಾತ್ರ ನಾಲ್ಕರಲ್ಲೂ ಹಚ್ಚ ಹಸಿರು.

"ಮೂರನೇದು ಸತ್ತೋಗಿದೆ ಸಾರ್. ಯಾವಾಗ ಸತ್ತಿತು ಅಂತ ಹೇಳಕ್ಕಾಗಲ್ಲ" ಅಂದ. ಆಮೇಲೆ ತಲೆಯೆತ್ತಿ ಶೆಡ್ಡಿನ ಶೀಟುಗಳ ಸಂದಿ ನೋಡಿ, "ಸಿಲಿಕೋನ್ ಯಾವಾಗ ಹೊಡೆಸಿದ್ರಿ?" ಎಂದು ಕೇಳಿದ. ಮಳೆ ಸೋರುತ್ತದೆಂದು ಎರಡು ತಿಂಗಳ ಹಿಂದೆ ನಾವೇ ಹೊಡೆಸಿದ್ದೆವು. ಸತ್ತ ಡಿಟೆಕ್ಟರ್ ಇದ್ದದ್ದು ಆ ಸಂದಿಯ ನೇರ ಕೆಳಗೆ.

ಬಲ್ಬು ಸುಟ್ಟರೆ ಕತ್ತಲಾಗುತ್ತದೆ. ಪಂಪು ಕೆಟ್ಟರೆ ನಲ್ಲಿಯಲ್ಲಿ ನೀರು ನಿಲ್ಲುತ್ತದೆ, ಹತ್ತು ನಿಮಿಷದಲ್ಲಿ ವಾಟ್ಸಾಪ್ ಗುಂಪು ತುಂಬಿ ತುಳುಕುತ್ತದೆ. ಗ್ಯಾಸ್ ಡಿಟೆಕ್ಟರ್ ಕೆಟ್ಟರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಅದರ ಕೆಲಸವೇ ಸುಮ್ಮನಿರುವುದು. ಚೆನ್ನಾಗಿದ್ದಾಗಲೂ ಸುಮ್ಮನಿರುತ್ತದೆ, ಸತ್ತ ಮೇಲೂ ಸುಮ್ಮನಿರುತ್ತದೆ. ಈ ಒಂದು ಮಾತು ತಲೆಯಲ್ಲಿದ್ದರೆ ಕೊಳ್ಳುವಾಗ ಏನು ಕೇಳಬೇಕು, ಎಲ್ಲಿ ಕೂರಿಸಬೇಕು, ಎಷ್ಟು ದಿನಕ್ಕೊಮ್ಮೆ ಪರೀಕ್ಷಿಸಬೇಕು ಎಂಬ ಉಳಿದ ಪ್ರಶ್ನೆಗಳಿಗೆಲ್ಲ ಉತ್ತರ ತಾನಾಗಿ ಸಿಗುತ್ತಾ ಹೋಗುತ್ತದೆ.

ಯಂತ್ರದ ಮೂಗು

ಅಡುಗೆ ಅನಿಲಕ್ಕೆ ಸ್ವಂತ ವಾಸನೆ ಇಲ್ಲವೆಂದೇ ಹೇಳಬೇಕು. ನಮ್ಮ ಮೂಗಿಗೆ ಬಡಿಯುವ ಆ ಕೆಟ್ಟ ನಾತ ಬೇಕೆಂದೇ ಬೆರೆಸಿದ ಮರ್‌ಕ್ಯಾಪ್ಟಾನ್‌ನದು. ಹೀಗೆ ಬೆರೆಸುವುದು ಕಡ್ಡಾಯವಾಗಲು ಕಾರಣವಾದದ್ದು ಅಮೆರಿಕದ ಟೆಕ್ಸಾಸ್‌ನ ನ್ಯೂ ಲಂಡನ್ ಎಂಬ ಊರಿನ ಶಾಲೆ. 1937ರ ಮಾರ್ಚ್ 18ರಂದು ಆ ಶಾಲೆಯ ನೆಲದಡಿ ಸದ್ದಿಲ್ಲದೆ ತುಂಬಿಕೊಂಡಿದ್ದ ವಾಸನೆಯಿಲ್ಲದ ಅನಿಲ ಸ್ಫೋಟಿಸಿ ಮುನ್ನೂರರ ಹತ್ತಿರ ಜನ ಸತ್ತರು, ಅವರಲ್ಲಿ ಬಹುಪಾಲು ಮಕ್ಕಳು. ವಾಸನೆ ಬಂದಮೇಲೆ ಯಂತ್ರ ಏಕೆ ಎಂದು ಕೇಳುವವರಿದ್ದಾರೆ. ನಿದ್ದೆಯಲ್ಲಿರುವ ಮೂಗು ವಾಸನೆ ಹಿಡಿಯುವುದಿಲ್ಲ, ನೆಗಡಿಯಾದ ಮೂಗೂ ಹಿಡಿಯುವುದಿಲ್ಲ. ವಯಸ್ಸಾದವರಿಗೆ ಆ ಶಕ್ತಿಯೇ ಕುಂದಿರುತ್ತದೆ. ರಾತ್ರಿ ಬೀಗ ಹಾಕಿದ ಹೋಟೆಲ್ ಅಡುಗೆಮನೆಯಲ್ಲಂತೂ ಮೂಗೇ ಇರುವುದಿಲ್ಲ.

ಡಿಟೆಕ್ಟರಿನೊಳಗಿನ ಮೂಗು ಒಂದೇ ಬಗೆಯದಲ್ಲ. ಮನೆಗೆಂದು ಪ್ಲಗ್ಗಿಗೆ ಸಿಕ್ಕಿಸುವ ಅಗ್ಗದ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ ತವರದ ಆಕ್ಸೈಡ್ ಬಳಸುವ ಅರೆವಾಹಕ ಸೆನ್ಸರ್ ಇರುತ್ತದೆ. ಇದಕ್ಕೆ 1962ರಲ್ಲಿ ಪೇಟೆಂಟ್ ಅರ್ಜಿ ಹಾಕಿದವರು ಜಪಾನಿನ ನವೊಯೊಶಿ ಟಗುಚಿ. ಬಾಳಿಕೆ ಚೆನ್ನಾಗಿದೆ, ಆದರೆ ಎಲ್ಲಕ್ಕೂ ಮೂಗು ಮುರಿಯುವ ಸ್ವಭಾವ. ಅಗರಬತ್ತಿ, ಸೆಂಟು, ಸೊಳ್ಳೆ ಔಷಧಿ, ಹೊಸ ಪೇಂಟು ಯಾವುದಕ್ಕೂ ಕೂಗಬಲ್ಲದು. ಗ್ಯಾಸ್ ಬ್ಯಾಂಕು, ಕಾರ್ಖಾನೆಗಳಲ್ಲಿ ಹೆಚ್ಚಾಗಿ ಕಾಣುವುದು ಕ್ಯಾಟಲಿಟಿಕ್ ಮಣಿಯ ಸೆನ್ಸರ್. ಸಾಸಿವೆ ಕಾಳಿನಷ್ಟು ಮಣಿಯೊಳಗೆ ಪ್ಲಾಟಿನಂ ಎಳೆ, ಅದು ಸದಾ ನಿಗಿನಿಗಿ ಕಾದಿರುತ್ತದೆ. ಅನಿಲ ಸೋಂಕಿದರೆ ಮಣಿಯ ಮೇಲ್ಮೈಯಲ್ಲೇ ಸಣ್ಣಗೆ ಉರಿದು ಶಾಖ ಏರುತ್ತದೆ, ಎಳೆಯ ವಿದ್ಯುತ್ ರೋಧ ಬದಲಾಗುತ್ತದೆ, ಅದೇ ಪರದೆಯ ಅಂಕಿ. ನಮ್ಮಲ್ಲಿ ಸಿಲಿಕೋನ್ ಆವಿಗೆ ಬಲಿಯಾದದ್ದು ಈ ಮಣಿ. ಸಿಲಿಕೋನ್, ಸೀಸ, ಕೆಲವು ಗಂಧಕದ ಸಂಯುಕ್ತಗಳು ಇದಕ್ಕೆ ವಿಷ. ಮಣಿಯ ಮೇಲೆ ಕಾಣದ ಪದರವಾಗಿ ಕೂತು ಅನಿಲ ಉರಿಯದಂತೆ ಮಾಡುತ್ತವೆ. ಎಳೆಯಲ್ಲಿ ಕರೆಂಟು ಹರಿಯುತ್ತಲೇ ಇರುವುದರಿಂದ ಯಂತ್ರ ತಾನು ಕ್ಷೇಮವೆಂದೇ ತಿಳಿದಿರುತ್ತದೆ. ಮೂರನೆಯದು ಇನ್‌ಫ್ರಾರೆಡ್. ವಿಷಕ್ಕೆ ಬಗ್ಗುವುದಿಲ್ಲ, ವರ್ಷಾನುಗಟ್ಟಲೆ ಬಾಳುತ್ತದೆ, ತನ್ನ ಕಣ್ಣು ಮಂಜಾದರೆ ತಾನೇ ಹೇಳುತ್ತದೆ. ಬೆಲೆ ಜಾಸ್ತಿ, ಹೈಡ್ರೋಜನ್ ಮಾತ್ರ ಅದಕ್ಕೆ ಕಾಣಿಸದು. ಕಾರ್ಬನ್ ಮೊನಾಕ್ಸೈಡಿನಂಥ ವಿಷಾನಿಲಗಳಿಗೆ ಎಲೆಕ್ಟ್ರೋಕೆಮಿಕಲ್ ಸೆನ್ಸರ್. ಅದು ಬ್ಯಾಟರಿ ಸೆಲ್ಲಿನ ಹಾಗೆ, ಕೆಲಸ ಇರಲಿ ಬಿಡಲಿ ದಿನದಿನವೂ ಸವೆಯುತ್ತದೆ.

ಪರದೆಯ ಮೇಲಿನ ಅಂಕಿಯನ್ನು ಬಹಳ ಜನ ತಪ್ಪು ಓದುತ್ತಾರೆ. ಎಲ್‌ಪಿಜಿ ಗಾಳಿಯಲ್ಲಿ ಸುಮಾರು ಶೇ. 2ರಷ್ಟು ಬೆರೆತರೆ ಸಾಕು, ಕಿಡಿ ತಾಗಿದೊಡನೆ ಹೊತ್ತಿಕೊಳ್ಳುತ್ತದೆ. ಹೀಗೆ ಹೊತ್ತಿಕೊಳ್ಳಲು ಬೇಕಾದ ಕನಿಷ್ಠ ಪ್ರಮಾಣವನ್ನು ಈ ಕಸುಬಿನವರು ಎಲ್‌ಇಎಲ್ ಎನ್ನುತ್ತಾರೆ. ಪರದೆಯಲ್ಲಿ 100 ಬಂದರೆ ಕೋಣೆಯ ತುಂಬ ಗ್ಯಾಸ್ ಎಂದು ಅರ್ಥವಲ್ಲ, ಗಾಳಿಯಲ್ಲಿ ಗ್ಯಾಸು ಆ ಶೇ. 2ನ್ನು ಮುಟ್ಟಿದೆ ಎಂದರ್ಥ. 20 ಬಂದರೆ ಬೆಂಕಿಯ ದಾರಿಯಲ್ಲಿ ಐದರಲ್ಲೊಂದು ಪಾಲು ಸವೆದಾಗಿದೆ. "ಇಪ್ಪತ್ತೇ ತಾನೇ, ನೂರಾದಾಗ ನೋಡೋಣ" ಎಂದ ಸೂಪರ್‌ವೈಸರ್ ಒಬ್ಬರನ್ನು ನಾನು ಬಲ್ಲೆ.

ಒಂದು ಲೆಕ್ಕ ಹಾಕಿ ನೋಡೋಣ. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಅಡುಗೆಮನೆ ಎಂದರೆ ಸುಮಾರು 28 ಘನ ಮೀಟರ್ ಗಾಳಿ. ಅದರ ಶೇ. 2 ಎಂದರೆ ಅರ್ಧ ಘನ ಮೀಟರಿಗೆ ತುಸು ಹೆಚ್ಚು. ತೂಕದಲ್ಲಿ ಸುಮಾರು ಒಂದೂಕಾಲು ಕಿಲೋ ಎಲ್‌ಪಿಜಿ. 14.2 ಕಿಲೋದ ಸಿಲಿಂಡರಿನ ಹತ್ತನೇ ಒಂದು ಭಾಗವೂ ಬೇಡ. ಅದೂ ಕೋಣೆಯ ತುಂಬ ಸಮನಾಗಿ ಬೆರೆತರೆ. ನಿಜದಲ್ಲಿ ಎಲ್‌ಪಿಜಿ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ, ನೆಲ ಹಿಡಿದು ಹರಿಯುತ್ತದೆ. ನೆಲದಿಂದ ಒಂದಡಿ ಎತ್ತರದವರೆಗಿನ ಪದರ ಅಪಾಯಕ್ಕೆ ಬರಲು 125 ಗ್ರಾಂ ಸಾಕು. ಕಾಫಿಗೆ ಹಾಲಿಟ್ಟು ಮರೆತಾಗ ಹಾಲು ಉಕ್ಕಿ ಬರ್ನರ್ ಆರುತ್ತದಲ್ಲ, ಆ ಬಗೆಯ ಸೋರಿಕೆಯೇ ಸಾಕು.

ಎಲ್ಲಿ ಕೂರಿಸಬೇಕು?

ಎಲ್‌ಪಿಜಿ ಆದರೆ ಕೆಳಗೆ, ನೆಲದಿಂದ 15ರಿಂದ 30 ಸೆಂಟಿಮೀಟರ್. ಪೈಪಿನಲ್ಲಿ ಬರುವ ನೈಸರ್ಗಿಕ ಅನಿಲ ಆದರೆ ಮೇಲೆ, ಚಾವಣಿಯಿಂದ 30 ಸೆಂಟಿಮೀಟರಿನೊಳಗೆ. ಅದರ ಮುಖ್ಯ ಭಾಗ ಮೀಥೇನ್, ತೂಕ ಗಾಳಿಯ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಸೋರಿದರೆ ಮೇಲಕ್ಕೇ ಹೋಗುತ್ತದೆ. ಎಲ್ಲರಿಗೂ ಗೊತ್ತಿರುವ ವಿಷಯವಿದು ಎಂದುಕೊಂಡಿದ್ದೆ. ಆದರೆ ಬೆಂಗಳೂರಿನಲ್ಲಿ ಈಗ ಎಷ್ಟೋ ಕಟ್ಟಡಗಳು ಸಿಲಿಂಡರ್ ಬಿಟ್ಟು ಪೈಪಿನ ಗ್ಯಾಸಿಗೆ ಬದಲಾಗಿವೆ. ದಾಭೋಲ್–ಬೆಂಗಳೂರು ಕೊಳವೆ ಮಾರ್ಗ 2013ರಲ್ಲಿ ಬಂದಮೇಲೆ ನಗರದಲ್ಲಿ ಇದು ಸಾಧ್ಯವಾಯಿತು. ಬರ್ನರಿನ ಜೆಟ್ ಬದಲಾಯಿಸಲು ಕಂಪನಿಯವರೇ ಬರುತ್ತಾರೆ. ಗೋಡೆಯ ಬುಡದಲ್ಲಿ ಕೂತ ಡಿಟೆಕ್ಟರ್ ಮಾತ್ರ ಅಲ್ಲೇ ಉಳಿಯುತ್ತದೆ. ಮೀಥೇನ್ ಅದರ ತಲೆಯ ಮೇಲೆ ಎಂಟಡಿ ಎತ್ತರದಲ್ಲಿ ಶೇಖರವಾಗುತ್ತಿದ್ದರೂ ಅದು ಹಸಿರು ದೀಪ ಹಚ್ಚಿಕೊಂಡು ಕೂತಿರುತ್ತದೆ. ಅನಿಲ ಬದಲಾದರೆ ಡಿಟೆಕ್ಟರಿನ ಜಾಗವೂ ಬದಲಾಗಬೇಕು, ಕ್ಯಾಲಿಬ್ರೇಶನ್ನೂ ಹೊಸ ಅನಿಲಕ್ಕೆ ಆಗಬೇಕು. ಇದರ ಉಲ್ಟಾ ತಪ್ಪೂ ಇದೆ. ಮೀಥೇನ್‌ಗೆ ಹೊಂದಿಸಿದ ಕ್ಯಾಟಲಿಟಿಕ್ ಸೆನ್ಸರ್ ಎಲ್‌ಪಿಜಿಯನ್ನು ಇದ್ದದ್ದಕ್ಕಿಂತ ಕಡಿಮೆ ತೋರಿಸುತ್ತದೆ.

ಎತ್ತರ ಸರಿಯಾದಮೇಲೆ ಜಾಗ. ಇಷ್ಟು ಚದರಡಿಗೆ ಒಂದು ಎಂದು ಲೆಕ್ಕ ಹಾಕಿ ಕೊಟೇಶನ್ ಕೊಡುವವರನ್ನು ನಾನು ನಂಬುವುದಿಲ್ಲ. ಗ್ಯಾಸು ಸೋರುವುದು ಜೋಡಣೆಗಳಲ್ಲಿ: ರೆಗ್ಯುಲೇಟರ್, ಸಿಲಿಂಡರುಗಳನ್ನು ಕೂಡಿಸುವ ಮ್ಯಾನಿಫೋಲ್ಡಿನ ಕೀಲು, ವಾಲ್ವಿನ ಕುತ್ತಿಗೆ, ರಬ್ಬರ್ ಟ್ಯೂಬು. ಅಲ್ಲಿಂದ ಗಾಳಿ ಅದನ್ನು ಎತ್ತ ಒಯ್ಯುತ್ತದೆ ಎಂದು ನೋಡಿ ಆ ದಾರಿಯಲ್ಲಿ ಡಿಟೆಕ್ಟರ್ ಕೂರಿಸಬೇಕು. ಗಾಳಿಯ ದಾರಿ ನೋಡಲು ಅಡುಗೆಮನೆಯಲ್ಲಾದರೆ ಒಂದು ಊದುಬತ್ತಿ ಸಾಕು. ಅದನ್ನು ಹಿಡಿದು ಐದು ನಿಮಿಷ ನಿಂತರೆ ಎಕ್ಸಾಸ್ಟ್ ಹಾಕಿದಾಗ, ಬಾಗಿಲು ತೆರೆದಾಗ ಹೊಗೆ ಹೇಗೆ ತಿರುಗುತ್ತದೆಂದು ಕಾಣುತ್ತದೆ. ಗ್ಯಾಸ್ ಬ್ಯಾಂಕಿನಲ್ಲಿ ಮಾತ್ರ ಊದುಬತ್ತಿ ಬೇಡವೇ ಬೇಡ, ಅಲ್ಲಿ ತೆಳ್ಳನೆಯ ರಿಬ್ಬನ್ನೊಂದನ್ನು ಇಳಿಬಿಟ್ಟು ನೋಡಿ. ಹತ್ತಿರದಲ್ಲಿ ಚರಂಡಿ, ಕೇಬಲ್ ಗುಂಡಿ, ನೆಲಮಾಳಿಗೆಗೆ ಇಳಿಯುವ ಮೆಟ್ಟಿಲು ಇದ್ದರೆ ಭಾರದ ಗ್ಯಾಸ್ ಅಲ್ಲಿಗೇ ನೀರಿನಂತೆ ಇಳಿಯುತ್ತದೆ. ಆ ತಗ್ಗಿನ ಬಾಯಿಯಲ್ಲೊಂದು ಡಿಟೆಕ್ಟರ್ ಬೇಕು.

ಕಿಟಕಿಯ ಪಕ್ಕ, ಫ್ಯಾನಿನ ನೇರಕ್ಕೆ, ಮುಚ್ಚಿದ ಕಪಾಟಿನೊಳಗೆ, ಒಲೆಯ ನೆತ್ತಿಯ ಮೇಲೆ, ಇವೆಲ್ಲ ಕೂರಿಸಬಾರದ ಜಾಗಗಳೆಂದು ಪೆಟ್ಟಿಗೆಯ ಜೊತೆ ಬರುವ ಕೈಪಿಡಿಯಲ್ಲೇ ಇರುತ್ತದೆ. ಅದರಲ್ಲಿ ಬರೆಯದ ಸಂಗತಿಗಳು ನಮ್ಮ ಅಡುಗೆಮನೆಗಳಲ್ಲಿವೆ. ಹೋಟೆಲ್ಲಿನ ಅಡುಗೆಮನೆಯನ್ನು ರಾತ್ರಿ ಬಕೆಟ್ಟುಗಟ್ಟಲೆ ನೀರು ಎರಚಿ ತೊಳೆಯುತ್ತಾರೆ, ಕಡ್ಡಿಪೊರಕೆ ಬೀಸುತ್ತಾರೆ. ನೆಲದಿಂದ ಒಂದಡಿ ಮೇಲಿರುವ ಡಿಟೆಕ್ಟರಿನ ಪಾಡು ಏನು? ನೀರು ಸಿಡಿಯದಂತೆ ಮರೆ ಇರುವ, ಮೂತಿ ಕೆಳಮುಖವಾಗಿರುವ ಮಾದರಿಯನ್ನೇ ಕೇಳಿ. ನೆಲ ತೊಳೆಯುವವರಿಗೆ ತೋರಿಸಿಕೊಡಿ, ಆದರೆ ಪ್ಲಾಸ್ಟಿಕ್ ಕವರ್ ಕಟ್ಟಲು ಬಿಡಬೇಡಿ. ಒಂದು ದರ್ಶಿನಿಯಲ್ಲಿ ನೀರು ಬೀಳದಿರಲೆಂದು ಕಟ್ಟಿದ ಕವರ್ ತಿಂಗಳುಗಟ್ಟಲೆ ಹಾಗೇ ಇತ್ತು. ಇನ್ನೊಂದು ಕಡೆ ಡಿಟೆಕ್ಟರಿಗೆ ಒರಗಿಸಿ ಈರುಳ್ಳಿ ಮೂಟೆ ಜೋಡಿಸಿದ್ದರು. ಆ ಯಂತ್ರ ವರ್ಷವಿಡೀ ಗೋಣಿಯ ವಾಸನೆ ನೋಡಿಕೊಂಡಿತ್ತೇನೋ.

ಒಗ್ಗರಣೆಯ ಹೊಗೆ, ದೋಸೆ ಕಾವಲಿಯ ಎಣ್ಣೆ ಆವಿ ಸೆನ್ಸರಿನ ಜಾಲರಿಗೆ ಅಂಟಿ ಜಿಡ್ಡುಗಟ್ಟುತ್ತದೆ. ಜಾಲರಿ ಮುಚ್ಚಿದರೆ ಗ್ಯಾಸ್ ಒಳಗೆ ಹೋಗದು. ಹಾಗೆಂದು ಒಲೆಯಿಂದ ತೀರ ದೂರ ಒಯ್ದರೂ ಪ್ರಯೋಜನವಿಲ್ಲ. ಮನೆಬಳಕೆಯ ಡಿಟೆಕ್ಟರಿಗೆ ಜಪಾನಿನಲ್ಲಿ ಅನುಸರಿಸುವ ಅಳತೆ ಎಲ್‌ಪಿಜಿಗೆ ಒಲೆಯಿಂದ 4 ಮೀಟರಿನೊಳಗೆ, ನೈಸರ್ಗಿಕ ಅನಿಲಕ್ಕೆ 8 ಮೀಟರಿನೊಳಗೆ. ಅದು ಒಳ್ಳೆಯ ಅಂದಾಜು. ನಿಮ್ಮ ಮಾದರಿಯ ಕೈಪಿಡಿ ಬೇರೆ ಹೇಳಿದರೆ ಕೈಪಿಡಿಯದೇ ಕೊನೆಯ ಮಾತು.

ಇನ್ನೊಂದು: ಟೆಕ್ನಿಷಿಯನ್ ಕೈ ಎಟುಕದ ಕಡೆ ಡಿಟೆಕ್ಟರ್ ಹಾಕಿದರೆ ಅದನ್ನು ಯಾರೂ ಪರೀಕ್ಷಿಸುವುದಿಲ್ಲ. ಚಾವಣಿಗೇ ಹಾಕಬೇಕಾದಲ್ಲಿ ಕ್ಯಾಲಿಬ್ರೇಶನ್ ಕೊಳವೆಯನ್ನು ಗೋಡೆಯುದ್ದಕ್ಕೂ ಕೆಳಗಿಳಿಸಿಡಲು ಅಳವಡಿಸುವ ದಿನವೇ ಹೇಳಿ. ಆಮೇಲೆ ಏಣಿ ಹುಡುಕುವ ನೆಪದಲ್ಲಿ ವರ್ಷ ಕಳೆಯುತ್ತದೆ.

ವೈರು, ಪ್ಯಾನೆಲ್, ವಾಲ್ವ್

ಗ್ಯಾಸ್ ಬ್ಯಾಂಕಿನೊಳಗೆ ಹಾಕುವ ಡಿಟೆಕ್ಟರ್, ಜಂಕ್ಷನ್ ಬಾಕ್ಸ್, ಹೂಟರ್ ಎಲ್ಲವೂ ಫ್ಲೇಮ್‌ಪ್ರೂಫ್ ಆಗಿರಬೇಕು. ಅಂದರೆ ಒಳಗೆ ಕಿಡಿ ಹಾರಿದರೂ ಬೆಂಕಿ ಹೊರಗೆ ದಾಟದಂಥ ಗಟ್ಟಿ ಕವಚ. ಕೇಬಲ್ ಒಳಹೋಗುವ ತೂತಿಗೆ ಸರಿಯಾದ ಗ್ಲ್ಯಾಂಡ್ ಹಾಕದೆ ಎಂ-ಸೀಲ್ ಮೆತ್ತಿದರೆ ಆ ದುಬಾರಿ ಕವಚಕ್ಕೆ ಬೆಲೆಯಿಲ್ಲ. ಎಷ್ಟೋ ಕಡೆ ನಾನು ಕಂಡದ್ದು ಎಂ-ಸೀಲನ್ನೇ. ಅಳವಡಿಸುವವರನ್ನು ಒಂದು ಪ್ರಶ್ನೆ ಕೇಳಿ: "ಐಎಸ್/ಐಇಸಿ 60079-29-2 ಪ್ರಕಾರ ಮಾಡ್ತೀರಾ?" ಡಿಟೆಕ್ಟರುಗಳ ಆಯ್ಕೆ, ಅಳವಡಿಕೆ, ಬಳಕೆ, ನಿರ್ವಹಣೆಗೆಂದೇ ಇರುವ ಮಾನಕ ಅದು. ಮುಖ ನೋಡಿದರೆ ಅರ್ಧ ಉತ್ತರ ಸಿಗುತ್ತದೆ.

ಡಿಟೆಕ್ಟರಿನಿಂದ ಪ್ಯಾನೆಲ್ಲಿಗೆ ಸಾಮಾನ್ಯವಾಗಿ 4ರಿಂದ 20 ಮಿಲಿ ಆಂಪಿಯರ್ ಕರೆಂಟಿನ ಮೂಲಕ ಸುದ್ದಿ ಹೋಗುತ್ತದೆ. ಗ್ಯಾಸ್ ಇಲ್ಲದಿದ್ದರೆ 4, ಪೂರ್ತಿ ಅಳತೆಗೆ 20. ಸೊನ್ನೆಗೆ ಸೊನ್ನೆಯನ್ನೇ ಕಳಿಸದೆ 4 ಕಳಿಸುವುದರಲ್ಲಿ ಜಾಣತನವಿದೆ. ಇಲಿ ವೈರು ಕಡಿದರೆ ಕರೆಂಟು ನಿಜವಾದ ಸೊನ್ನೆಗೆ ಬೀಳುತ್ತದೆ, ಆಗ ಪ್ಯಾನೆಲ್ ಹಳದಿ ದೀಪ ಹಚ್ಚಿ ಫಾಲ್ಟ್ ಎನ್ನುತ್ತದೆ. ಈ ಹಳದಿ ದೀಪವನ್ನು ಅಲಾರಾಂ ಅಲ್ಲವೆಂದು ತಳ್ಳಿಹಾಕಬಾರದು. ಕೆಂಪು ದೀಪ ಹತ್ತಿದರೆ ಗ್ಯಾಸ್ ಸೋರುತ್ತಿದೆ ಎಂದಾಯಿತು. ಹಳದಿ ಹತ್ತಿದರೆ ಗ್ಯಾಸ್ ಸೋರಿದರೂ ನಮಗೆ ಗೊತ್ತಾಗುವುದಿಲ್ಲ ಎಂದಾಯಿತು. ಎರಡನೆಯದೇನೂ ಸಣ್ಣ ಸುದ್ದಿಯಲ್ಲ.

ಅಲಾರಾಂ ಎರಡು ಹಂತದಲ್ಲಿ ಇಡುವುದು ರೂಢಿ. ಮೊದಲನೆಯದು ಎಲ್‌ಇಎಲ್‌ನ ಶೇ. 10 ಅಥವಾ 20ಕ್ಕೆ, ಅಲ್ಲಿ ಹೂಟರ್ ಕೂಗುತ್ತದೆ. ಎರಡನೆಯದು ಅದರ ಎರಡು ಪಟ್ಟಿಗೆ, ಅಲ್ಲಿ ಮುಖ್ಯ ಕೊಳವೆಯ ಸೊಲೆನಾಯ್ಡ್ ವಾಲ್ವ್ ತಾನಾಗಿ ಮುಚ್ಚಿಕೊಳ್ಳಬೇಕು. ಈ ವಾಲ್ವ್ ಕರೆಂಟು ಇದ್ದಾಗ ಮಾತ್ರ ತೆರೆದಿರುವ ಬಗೆಯದಾಗಿರಲಿ, ಕರೆಂಟು ಹೋದರೆ ಮುಚ್ಚಿಕೊಳ್ಳಲಿ. ಹೀಗಿದ್ದರೆ ಪವರ್ ಕಟ್ಟಿನಲ್ಲಿ ಅಡುಗೆ ನಿಲ್ಲುತ್ತದೆಂದು ಗೊಣಗುವವರಿರುತ್ತಾರೆ. ಅದಕ್ಕೆ ಮದ್ದು ಪ್ಯಾನೆಲ್ಲಿಗೆ ಬ್ಯಾಟರಿ ಬ್ಯಾಕಪ್, ವಾಲ್ವಿನ ಸ್ವಭಾವ ತಿರುಗಿಸುವುದಲ್ಲ. ಅಲಾರಾಂ ಬಂದೊಡನೆ ಸಾದಾ ಎಕ್ಸಾಸ್ಟ್ ಫ್ಯಾನ್ ಶುರುವಾಗುವಂತೆ ಜೋಡಿಸಿಕೊಡುತ್ತೇವೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಫ್ಯಾನಿನ ಮೋಟಾರೇ ಕಿಡಿ ಕೊಟ್ಟೀತು. ಫ್ಲೇಮ್‌ಪ್ರೂಫ್ ಮೋಟಾರಾದರೆ ಸರಿ.

ಪ್ಯಾನೆಲ್ ಎಲ್ಲಿದೆ ಎಂಬುದೂ ಮುಖ್ಯ. ಹೆಚ್ಚಿನ ಕಡೆ ಅದು ಗೇಟಿನ ಸೆಕ್ಯುರಿಟಿ ಕೋಣೆಯಲ್ಲಿ, ಹಾಜರಿ ಪುಸ್ತಕದ ಪಕ್ಕದಲ್ಲಿ. ಅದರ ಮೇಲಿನ ಬರಹವೆಲ್ಲ ಇಂಗ್ಲಿಷು. ರಾತ್ರಿ ಪಾಳಿಯಲ್ಲಿರುವವನಿಗೆ ಕನ್ನಡ ಬರುತ್ತದೋ, ಹಿಂದಿಯೋ, ಒಡಿಯಾವೋ, ನೇಪಾಳಿಯೋ? ಅವನು ಓದಬಲ್ಲ ಭಾಷೆಯಲ್ಲಿ ನಾಲ್ಕು ಸಾಲು ಬರೆಸಿ ಅಂಟಿಸಿ. ನಮ್ಮಲ್ಲಿ ಆ ಹುಡುಗನಿಗೆ ಗೊತ್ತಿದ್ದ ಗುಂಡಿ ಒಂದೇ, ಸದ್ದು ನಿಲ್ಲಿಸುವುದು. ಅವನನ್ನು ಬೈದು ಏನು ಫಲ? ನಾವು ಕಲಿಸಿದ್ದೇ ಅಷ್ಟು.

ಗ್ಯಾಸ್ ತೋರಿಸಿ ನೋಡುವುದು

ಪೆಟ್ಟಿಗೆಯ ಮೇಲೆ ಟೆಸ್ಟ್ ಎಂದು ಬರೆದ ಗುಂಡಿ ಇರುತ್ತದೆ. ಒತ್ತಿದರೆ ಕೂಗುತ್ತದೆ. ಇದರಿಂದ ಗೊತ್ತಾಗುವುದು ಹೂಟರಿಗೆ ಗಂಟಲಿದೆ ಎಂದಷ್ಟೇ. ಮೂಗು ಇದೆಯೋ ಇಲ್ಲವೋ ತಿಳಿಯಲು ಗ್ಯಾಸ್ ತೋರಿಸಲೇಬೇಕು. ಅಳತೆ ಗೊತ್ತಿರುವ ಗ್ಯಾಸನ್ನು ಸ್ವಲ್ಪ ಹೊತ್ತು ತೋರಿಸಿ ಕೂಗುತ್ತದೋ ನೋಡುವುದು ಬಂಪ್ ಟೆಸ್ಟ್. ತೋರಿಸಿದ ಅಳತೆಗೆ ಸರಿಯಾಗಿ ಅಂಕಿಯನ್ನು ತಿದ್ದಿ ಕೂರಿಸುವುದು ಕ್ಯಾಲಿಬ್ರೇಶನ್. ತಯಾರಕರು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳಿಗೊಮ್ಮೆ ಎನ್ನುತ್ತಾರೆ. ಜಿಡ್ಡು, ನೀರು, ಧೂಳು ಹೆಚ್ಚಿರುವ ಹೋಟೆಲ್ ಅಡುಗೆಮನೆಗೆ ಮೂರು ತಿಂಗಳೂ ಜಾಸ್ತಿಯೇ.

ಸಿಗರೇಟ್ ಲೈಟರಿನ ಗ್ಯಾಸನ್ನು ಮೂತಿಗೆ ಬಿಟ್ಟು ಪರೀಕ್ಷಿಸುವ ಅಭ್ಯಾಸ ಬಹಳ ಕಡೆ ಇದೆ. ಲೈಟರಿನಿಂದ ಬರುವುದು ಅಚ್ಚ ಬ್ಯೂಟೇನ್, ಅಳತೆಯ ಎಷ್ಟೋ ಪಟ್ಟು ಮೇಲೆ. ಕ್ಯಾಟಲಿಟಿಕ್ ಮಣಿ ಅದರಿಂದ ಹಾಳಾಗಬಹುದು, ಬದುಕಿದರೂ ಲೆಕ್ಕ ತಪ್ಪಬಹುದು. ವಾರ್ಷಿಕ ನಿರ್ವಹಣೆಯ ಗುತ್ತಿಗೆ (ಎಎಂಸಿ) ಹಿಡಿದವರು ಲೈಟರ್ ತೆಗೆದರೆ ಕೂಡಲೇ ನಿಲ್ಲಿಸಿ. ಅವರ ಚೀಲದಲ್ಲಿ ಪ್ರಮಾಣಪತ್ರವಿರುವ ಕ್ಯಾಲಿಬ್ರೇಶನ್ ಸಿಲಿಂಡರ್ ಇರಬೇಕು. ಅದರ ಮೇಲೆ ಯಾವ ಗ್ಯಾಸ್, ಎಷ್ಟು ಪ್ರಮಾಣ, ಅವಧಿ ಎಂದಿಗೆ ಮುಗಿಯುತ್ತದೆ ಎಂದು ಬರೆದಿರುತ್ತದೆ. ಔಷಧಿ ಅಂಗಡಿಯಲ್ಲಿ ಎಕ್ಸ್‌ಪೈರಿ ನೋಡುವಷ್ಟೇ ಜಾಗ್ರತೆಯಿಂದ ಇದನ್ನೂ ನೋಡಿ.

ಅವರು ಬಂದಾಗ ಜೊತೆಗೆ ನಿಲ್ಲಿ, ಅಂಕಿಗಳನ್ನು ನೀವೇ ಬರೆದುಕೊಳ್ಳಿ. ಬರೆಯಬೇಕಾದ ಅಂಕಿ ಎರಡು: ತಿದ್ದುವ ಮುಂಚೆ ಎಷ್ಟು ತೋರಿಸಿತು, ತಿದ್ದಿದ ಮೇಲೆ ಎಷ್ಟು. ಎಎಂಸಿ ವರದಿಯಲ್ಲಿ ಎರಡನೆಯದು ಮಾತ್ರ ಇರುತ್ತದೆ, ಅದು ಯಾವಾಗಲೂ 50ಕ್ಕೆ 50. ನಿಜವಾದ ಸುದ್ದಿ ಇರುವುದು ಮೊದಲನೆಯದರಲ್ಲಿ. 50 ತೋರಿಸಬೇಕಾದದ್ದು 18 ತೋರಿಸಿತೆಂದರೆ, ಕಳೆದ ಸಲ ಮತ್ತು ಈ ಸಲದ ನಡುವೆ ಯಾವುದೋ ಒಂದು ದಿನದಿಂದ ನಿಮ್ಮ ಕಟ್ಟಡಕ್ಕೆ ಕಾವಲೇ ಇರಲಿಲ್ಲ. ಅಂಥದನ್ನು ತಿರುಪು ತಿರುಗಿಸಿ 50ಕ್ಕೆ ತಂದು ಹೋಗಬಿಡಬೇಡಿ, ಸೆನ್ಸರ್ ಬದಲಾಯಿಸಿ, ಮುಂದಿನ ಪರೀಕ್ಷೆಯನ್ನು ಹತ್ತಿರಕ್ಕೆ ತನ್ನಿ. ನಮ್ಮಲ್ಲಿ 11 ತೋರಿಸಿದ್ದನ್ನೂ ಬದಲಾಯಿಸಿದೆವು. ಎಷ್ಟು ಸೆಕೆಂಡಿಗೆ ಏರಿತು ಎಂದೂ ಬರೆದಿಟ್ಟರೆ ಇನ್ನೂ ಒಳ್ಳೆಯದು, ಜಾಲರಿ ಜಿಡ್ಡುಗಟ್ಟುತ್ತಿದ್ದರೆ ಮೊದಲು ತಿಳಿಯುವುದು ಅದರಿಂದಲೇ.

ವೇಳಾಪಟ್ಟಿಯ ಹೊರಗೂ ಪರೀಕ್ಷೆ ಮಾಡಿಸಬೇಕಾದ ಸಂದರ್ಭಗಳಿವೆ. ಪೇಂಟಿಂಗ್ ಆದಮೇಲೆ, ಸೀಲೆಂಟ್ ಹೊಡೆದ ಮೇಲೆ, ನೀರು ನುಗ್ಗಿದ ಮೇಲೆ, ನಿಜವಾದ ದೊಡ್ಡ ಸೋರಿಕೆ ಆದಮೇಲೆ. ವರ್ಷಕ್ಕೊಮ್ಮೆ ವಾಲ್ವ್ ನಿಜಕ್ಕೂ ಮುಚ್ಚುತ್ತದೆಯೇ ಎಂದು ಒಲೆ ಉರಿಯುತ್ತಿರುವಾಗಲೇ ನೋಡಬೇಕು. ಅಡುಗೆಭಟ್ಟರು ಮುಖ ಗಂಟಿಕ್ಕುತ್ತಾರೆ, ತಿಂಡಿ ಹೊತ್ತು ಕಳೆದಮೇಲೆ ಇಟ್ಟುಕೊಳ್ಳಿ. ವರ್ಷಗಟ್ಟಲೆ ಅಲುಗಾಡದ ವಾಲ್ವ್ ಬೇಕಾದ ದಿನ ಅಂಟಿಕೊಂಡಿರುವುದು ಹೊಸದೇನಲ್ಲ. ಇಷ್ಟೆಲ್ಲ ಮಾಡಿದರೂ ಸೆನ್ಸರಿಗೆ ಆಯುಸ್ಸಿದೆ. ಎಲೆಕ್ಟ್ರೋಕೆಮಿಕಲ್ ಎರಡರಿಂದ ಮೂರು ವರ್ಷ, ಕ್ಯಾಟಲಿಟಿಕ್ ಮೂರರಿಂದ ಐದು. ಪೆಟ್ಟಿಗೆ ಹೊಸದಾಗಿ ಹೊಳೆಯುತ್ತಿದ್ದರೂ ಒಳಗಿನ ಸೆನ್ಸರ್ ಬದಲಾಗಲೇಬೇಕು. ಬಜೆಟ್ಟಿನಲ್ಲಿ ಇದಕ್ಕೊಂದು ಸಾಲು ಇಡದ ಅಸೋಸಿಯೇಷನ್ ಡಿಟೆಕ್ಟರ್ ಕೊಂಡೂ ಕೊಳ್ಳದಂತೆಯೇ.

ಬೇರೆ ಅನಿಲ, ಬೇರೆ ಮೂಗು

ಬಚ್ಚಲುಮನೆಯ ಗ್ಯಾಸ್ ಗೀಸರಿನಿಂದ ಸಾವು ಎಂಬ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಚಳಿಗಾಲ ಬಂತೆಂದರೆ ಕಾಣುತ್ತದೆ. "ಗ್ಯಾಸ್ ಸೋರಿ" ಎಂದು ಬರೆದಿರುತ್ತಾರೆ. ಬಹಳ ಸಲ ಅಲ್ಲಿ ಎಲ್‌ಪಿಜಿ ಸೋರಿಯೇ ಇರುವುದಿಲ್ಲ. ಮುಚ್ಚಿದ ಸಣ್ಣ ಕೋಣೆಯಲ್ಲಿ ಆಮ್ಲಜನಕ ಕಡಿಮೆಯಾಗಿ ಉರಿ ಅರೆಬರೆಯಾದಾಗ ಹುಟ್ಟಿದ ಕಾರ್ಬನ್ ಮೊನಾಕ್ಸೈಡ್ ಕೊಂದಿರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮರ್‌ಕ್ಯಾಪ್ಟಾನ್ ಕೂಡ ಬರ್ನರಿನಲ್ಲಿ ಉರಿದುಹೋಗಿರುತ್ತದೆ. ಅಡುಗೆಮನೆಯ ಎಲ್‌ಪಿಜಿ ಡಿಟೆಕ್ಟರನ್ನು ತಂದು ಬಚ್ಚಲಿಗೆ ಹಾಕಿದರೂ ಕಾಪಾಡದು, ಅದರ ಕಸುಬೇ ಬೇರೆ. ಎಲ್‌ಪಿಜಿ ಅಪಾಯವಾಗುವುದು ಗಾಳಿಯ ನೂರು ಪಾಲಿನಲ್ಲಿ ಎರಡಾದಾಗ. ಕಾರ್ಬನ್ ಮೊನಾಕ್ಸೈಡನ್ನು ಹತ್ತು ಲಕ್ಷ ಪಾಲಿನ ಲೆಕ್ಕದಲ್ಲಿ, ಅಂದರೆ ಪಿಪಿಎಂನಲ್ಲಿ ಅಳೆಯುತ್ತಾರೆ. ಎಂಟು ಗಂಟೆಯ ದುಡಿಮೆಗೆ ಅಮೆರಿಕದ ಕಾನೂನು ಹಾಕಿರುವ ಮಿತಿ 50 ಪಿಪಿಎಂ. 1200 ಪಿಪಿಎಂ ಜೀವಕ್ಕೆ ತಕ್ಷಣದ ಅಪಾಯ. ಈ ಗೀಸರಿಗೆ ನನ್ನ ಸಲಹೆ ಡಿಟೆಕ್ಟರ್ ಅಲ್ಲ, ಗೀಸರನ್ನೇ ಬಚ್ಚಲಿನಿಂದ ಹೊರಗಿನ ತೆರೆದ ಜಾಗಕ್ಕೆ ಸಾಗಿಸುವುದು. ಬಿಸಿನೀರು ಪೈಪಿನಲ್ಲಿ ಒಳಗೆ ಬರುತ್ತದೆ, ವಿಷ ಒಳಗೆ ಬರುವುದಿಲ್ಲ.

ಕಾರ್ಬನ್ ಮೊನಾಕ್ಸೈಡ್ ಡಿಟೆಕ್ಟರ್ ನಿಜಕ್ಕೂ ಬೇಕಾಗುವುದು ನೆಲಮಾಳಿಗೆಯ ಪಾರ್ಕಿಂಗಿನಲ್ಲಿ. ಈ ಅನಿಲದ ತೂಕ ಗಾಳಿಯಷ್ಟೇ ಇರುವುದರಿಂದ ನಾವು ಉಸಿರಾಡುವ ಎತ್ತರದಲ್ಲಿ, ಸುಮಾರು ಒಂದೂವರೆ ಮೀಟರಿನಲ್ಲಿ, ಕಂಬಕ್ಕೆ ಹಾಕುತ್ತಾರೆ. ರಾಷ್ಟ್ರೀಯ ಕಟ್ಟಡ ಸಂಹಿತೆ 2016ರ ಪ್ರಕಾರ ಅಲ್ಲಿ ಗಂಟೆಗೆ 6 ಸಲ ಗಾಳಿ ಬದಲಾಗಬೇಕು, ಬೆಂಕಿಯಂಥ ತುರ್ತಿನಲ್ಲಿ 12 ಸಲ. ಕರೆಂಟು ಬಿಲ್ಲಿಗೆ ಹೆದರಿ ಫ್ಯಾನುಗಳನ್ನು ಆಫ್ ಮಾಡಿಡುವ ಕಟ್ಟಡಗಳಲ್ಲಿ ಬೇಕಾದಾಗ ಮಾತ್ರ ಫ್ಯಾನನ್ನು ಎಬ್ಬಿಸುವುದು ಈ ಡಿಟೆಕ್ಟರಿನ ಕೆಲಸ, ಹೀಗೆ ಬಿಲ್ಲೂ ಉಳಿಯುತ್ತದೆ. ಯುಪಿಎಸ್‌ನ ಲೆಡ್ ಆಸಿಡ್ ಬ್ಯಾಟರಿ ಕೋಣೆಯಲ್ಲಿ ಹುಟ್ಟುವುದು ಹೈಡ್ರೋಜನ್. ಎಲ್ಲಕ್ಕಿಂತ ಹಗುರ, ಶೇ. 4ಕ್ಕೇ ಹೊತ್ತುತ್ತದೆ, ಡಿಟೆಕ್ಟರ್ ಚಾವಣಿಯ ಅತಿ ಎತ್ತರದ ಮೂಲೆಗೆ.

ಕೊಳಚೆ ನೀರು ಶುದ್ಧೀಕರಿಸುವ ಎಸ್‌ಟಿಪಿ ಕೋಣೆಯ ಹೈಡ್ರೋಜನ್ ಸಲ್ಫೈಡ್ ಇವೆಲ್ಲಕ್ಕಿಂತ ಮೋಸಗಾರ. ಸ್ವಲ್ಪವೇ ಇದ್ದಾಗ ಕೊಳೆತ ಮೊಟ್ಟೆಯ ನಾತ. 100 ಪಿಪಿಎಂ ಸುಮಾರಿಗೆ ಅದು ಮೂಗಿನ ಶಕ್ತಿಯನ್ನೇ ಕುಂದಿಸುತ್ತದೆ. ವಾಸನೆ ಹೋಯಿತು, ಇನ್ನು ಪರವಾಗಿಲ್ಲ ಎಂದು ಇಳಿದವನು ಮತ್ತೆ ಮೇಲೆ ಬರುವುದಿಲ್ಲ, ಅವನನ್ನು ಎತ್ತಲು ಇಳಿದವನೂ ಬರುವುದಿಲ್ಲ. ಇಲ್ಲಿ ಡಿಟೆಕ್ಟರನ್ನು ತಗ್ಗಿನಲ್ಲಿ ಹಾಕಿ, ಅಲಾರಾಂ 10 ಪಿಪಿಎಂ ಅಥವಾ ಅದಕ್ಕೂ ಕೆಳಗೆ ಇಡಬೇಕು, ಅದರ ದೀಪ ಕೋಣೆಯ ಹೊರಗಿನ ಬಾಗಿಲ ಮೇಲೆ ಕಾಣಬೇಕು. ಒಳಗೆ ಹೋದಮೇಲೆ ಕಾಣುವ ದೀಪ ಇದ್ದೂ ಇಲ್ಲದಂತೆ. ಗೋಡೆಯ ಡಿಟೆಕ್ಟರ್ ಸುಮ್ಮನಿದೆ ಎಂದು ಯಾರನ್ನೂ ಟ್ಯಾಂಕಿಗೆ ಇಳಿಸುವ ಹಾಗಿಲ್ಲ. ರಕ್ಷಣಾ ಸಾಧನಗಳಿಲ್ಲದೆ ಸೆಪ್ಟಿಕ್ ಟ್ಯಾಂಕು, ಮ್ಯಾನ್‌ಹೋಲಿಗೆ ಮನುಷ್ಯರನ್ನು ಇಳಿಸುವುದು ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆಯಡಿ ಅಪರಾಧ.

ಕೂಗಿದಾಗ

ಎಲ್‌ಪಿಜಿ ಅಲಾರಾಂ ಕೂಗಿದರೆ ಮೊದಲು ಯಾವ ಸ್ವಿಚ್ಚನ್ನೂ ಮುಟ್ಟಬಾರದು. ಹಾಕುವುದೂ ಬೇಡ, ಆರಿಸುವುದೂ ಬೇಡ, ಎರಡರಲ್ಲೂ ಕಿಡಿ ಹಾರುತ್ತದೆ. ಉರಿಯುವ ಒಲೆ, ದೇವರ ದೀಪ ಆರಿಸಿ, ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆದು ಹೊರಗೆ ಬನ್ನಿ. ಕಟ್ಟಡದಿಂದ ಇಳಿಯುವಾಗ ಲಿಫ್ಟ್ ಬೇಡ. ಫೋನು ಹೊರಗೆ ಬಂದಮೇಲೆ. ಪರದೆಯ ಅಂಕಿ ಕೆಳಗಿಳಿಯಿತೆಂದು ಕೂಡಲೇ ವಾಲ್ವ್ ರೀಸೆಟ್ ಮಾಡಬೇಡಿ. ಸೋರಿದ್ದು ಎಲ್ಲಿಂದ ಎಂದು ಸಾಬೂನು ನೀರು ಹಚ್ಚಿ ಗುಳ್ಳೆ ಕಂಡುಹಿಡಿದ ಮೇಲೆಯೇ ರೀಸೆಟ್.

ಸುಳ್ಳು ಅಲಾರಾಂ ಬಂದೇ ಬರುತ್ತದೆ, ಮನೆಗಳಲ್ಲಂತೂ ಹಬ್ಬದ ದಿನ ಧೂಪಕ್ಕೆ ಖಂಡಿತ. ಎರಡು ಸಲ ಹೀಗಾದರೆ ಮೂರನೆಯ ಸಲ ಯಾರೋ ಪ್ಲಗ್ ಕಿತ್ತಿಡುತ್ತಾರೆ. ಪ್ಲಗ್ ಕೀಳುವ ಬದಲು ಡಿಟೆಕ್ಟರಿನ ಜಾಗ ಎರಡು ಮೀಟರ್ ಸರಿಸಿ ನೋಡಿ, ಅಥವಾ ಮಾದರಿ ಬದಲಾಯಿಸಿ. ಪ್ರತಿ ಕೂಗನ್ನೂ ದಿನಾಂಕ, ಹೊತ್ತಿನ ಸಮೇತ ಬರೆದಿಡಿ. ನಮ್ಮ ಪುಸ್ತಕದಲ್ಲಿ ಸಂಜೆ ಆರೂವರೆ ಎಂದು ನಾಲ್ಕು ಸಲ ಬಂದಮೇಲೆ, ಅದು ಸಿಲಿಂಡರ್ ಬದಲಾಯಿಸುವ ಹೊತ್ತು ಎಂದು ಹೊಳೆಯಿತು. ಮ್ಯಾನಿಫೋಲ್ಡಿನ ಒಂದು ವಾಷರ್ ಸವೆದಿತ್ತು. ಸುಳ್ಳು ಕೂಗು ಎಂದು ನಾವಂದುಕೊಂಡದ್ದು ನಾಲ್ಕು ಸಲವೂ ನಿಜವೇ ಆಗಿತ್ತು.

ಇದನ್ನು ಓದಿ ಮುಗಿಸಿದ ಮೇಲೆ ನಿಮ್ಮ ಅಡುಗೆಮನೆಯ, ಇಲ್ಲವೇ ಕಟ್ಟಡದ ಡಿಟೆಕ್ಟರಿನ ಬಳಿ ಒಮ್ಮೆ ಹೋಗಿ ಬನ್ನಿ. ಪಕ್ಕ ಅಥವಾ ಹಿಂಬದಿಯ ಚೀಟಿಯಲ್ಲಿ ತಯಾರಾದ ತಿಂಗಳು, ವರ್ಷ ಇರುತ್ತದೆ. ಕೊನೆಯ ಬಾರಿ ಗ್ಯಾಸ್ ತೋರಿಸಿದ ದಿನಾಂಕದ ಸ್ಟಿಕ್ಕರ್ ಇದೆಯೇ ನೋಡಿ. ಇಲ್ಲದಿದ್ದರೆ ನಾಳೆಯೇ ಕರೆಸಿ. ಎಲ್‌ಪಿಜಿ ಸೋರಿಕೆಯ ಸಹಾಯವಾಣಿ 1906. ಪ್ಯಾನೆಲ್ಲಿನ ಪಕ್ಕದ ಗೋಡೆಗೆ ದಪ್ಪ ಅಂಕಿಗಳಲ್ಲಿ ಬರೆಸಿಡಿ, ರಾತ್ರಿ ಪಾಳಿಯ ಹುಡುಗನಿಗೆ ಅದನ್ನು ಒಮ್ಮೆ ಓದಿಸಿ.